ಪಾಸ್‌ಬುಕ್ಕಿನಲ್ಲಿ ಉಳಿದ ಲೆಕ್ಕ



ಕೀರ್ದಿ, ಖತಾವಣಿ ಎಂಬ ಮಾತುಗಳು ನಮ್ಮ ಗಡಿಭಾಗದಲ್ಲಿ ಕನ್ನಡಿಗರಿಗೂ ಮರಾಠಿಗರಿಗೂ ಒಂದೇ. ಕೀರ್ದಿಯಲ್ಲಿ ದಿನದ ವ್ಯವಹಾರ, ಖತಾವಣಿಯಲ್ಲಿ ಅದೇ ವ್ಯವಹಾರ ಹೆಸರುವಾರು. ಒಂದು ಹಾಳಾದರೆ ಇನ್ನೊಂದರಿಂದ ಬರೆದುಕೊಳ್ಳಬಹುದು. ಕಂಪ್ಯೂಟರ್ ಬಂದಾಗ ಹಿರಿಯರ ಈ ಜಾಣತನವನ್ನು ನಾವು ಮರೆತೆವು.

ಬ್ಯಾಂಕುಗಳ ಯಾಂತ್ರೀಕರಣಕ್ಕೆ 1984ರಲ್ಲಿ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ ದಾರಿ ತೋರಿಸಿತು. ಮೊದಲು ಲೆಡ್ಜರ್ ಯಂತ್ರಗಳು, ಆಮೇಲೆ ಕಂಪ್ಯೂಟರುಗಳು ಬಂದವು. 1999ರಲ್ಲಿ ನಾನು ಗಡಹಿಂಗ್ಲಜದ ಒಂದು ಶಾಖೆಯಲ್ಲಿ ಗುಮಾಸ್ತ. ಏಪ್ರಿಲ್ 26, ಸೋಮವಾರ. ಬೆಳೆಸಾಲದ ಪಟ್ಟಿಯಿದ್ದ ಕಂಪ್ಯೂಟರ್ ನಡುವೆಯೇ ನಿಂತಿತು. ಮತ್ತೆ ಚಾಲೂ ಮಾಡಿದರೆ ಏಳಲೇ ಇಲ್ಲ. ವಾರಕ್ಕೊಮ್ಮೆ ಫ್ಲಾಪಿಗೆ ನಕಲು ಮಾಡುವ ಕೆಲಸ ನನ್ನದು. ಮಾಡಿ ಮೂರು ತಿಂಗಳಾಗಿತ್ತು.

ಅಂದು ಹಲವು ದೇಶಗಳಲ್ಲಿ ಕಂಪ್ಯೂಟರುಗಳು ಹೀಗೆಯೇ ಮಲಗಿದವು. ಕಾರಣ ಸಿ.ಐ.ಎಚ್. ಎಂಬ ವೈರಸ್. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ 1998ರಲ್ಲಿ ಬರೆದದ್ದು. 1986ರ ಚೆರ್ನೋಬಿಲ್ ದುರಂತವೂ ಅದೇ ತಾರೀಖಿನಂದು ಆದದ್ದರಿಂದ ಇದಕ್ಕೂ ಆ ಹೆಸರು ಅಂಟಿತು. ವಿಂಡೋಸ್ 95 ಮತ್ತು 98 ಇದ್ದ ಯಂತ್ರಗಳಲ್ಲಿ ಇದು ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಅಳಿಸುತ್ತಿತ್ತು. ಕೆಲವು ಯಂತ್ರಗಳಲ್ಲಿ ಚಾಲನೆಯ ಚಿಪ್ಪನ್ನೂ ಕೆಡಿಸುತ್ತಿತ್ತು.

ಇಲ್ಲಿ ಗಮನಿಸಿ. ಅಳಿದದ್ದು ಪುಸ್ತಕದ ಪರಿವಿಡಿ, ಒಳಗಿನ ಪುಟಗಳಲ್ಲ. ಎಷ್ಟೋ ಡಿಸ್ಕುಗಳಲ್ಲಿ ಆ ಪರಿವಿಡಿಯ ಎರಡನೆಯ ಪ್ರತಿಯೂ ಮುಂದೆ ಇರುತ್ತಿತ್ತು. ಢಾಕಾದ ವಿದ್ಯಾರ್ಥಿ ಮೊನಿರುಲ್ ಇಸ್ಲಾಂ ಶರೀಫ್ ಇದನ್ನು ಬಳಸಿ ಎಂ-ರಿಕವರ್ ಎಂಬ ಪ್ರೋಗ್ರಾಮ್ ಬರೆದು ಉಚಿತವಾಗಿ ಕೊಟ್ಟ. ಇಚಲಕರಂಜಿಯ ನನ್ನ ಪರಿಚಯದ ನೂಲಿನ ವ್ಯಾಪಾರಿಯೊಬ್ಬರು ಡಿಸ್ಕನ್ನು ಮುಟ್ಟದೆ ತೆಗೆದಿಟ್ಟಿದ್ದರು. ಅವರ ಲೆಕ್ಕ ಬಹುಪಾಲು ಮರಳಿತು. ನಾವು ಅವಸರಪಟ್ಟು ಎರಡೇ ದಿನದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿ ಹೊಸದಾಗಿ ತುಂಬಿಸಿದ್ದೆವು. ಇದ್ದ ಪುಟಗಳ ಮೇಲೆ ನಾವೇ ಬರೆದಂತಾಯಿತು.

ಸುದ್ದಿ ಹಳ್ಳಿಗಳಿಗೆ ಮುಟ್ಟಿತು. ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಪಾಸ್‌ಬುಕ್ ತೆಗೆದು, "ಸಾಹೇಬ್ರ, ನಾ ಕಟ್ಟಿದ ಕಂತು ಹೋತೇನ್ರಿ?" ಎಂದಳು. ನನಗೆ ನಾಚಿಕೆಯಾಯಿತು. ಯಂತ್ರ ಮರೆತದ್ದು ಅವಳ ಗಂಟಿನಲ್ಲಿತ್ತು. ಹಳೆಯ ಚೀಟಿಗಳನ್ನೂ ಜನರ ಪಾಸ್‌ಬುಕ್ಕುಗಳನ್ನೂ ಮುಂದಿಟ್ಟುಕೊಂಡು ರಾತ್ರಿ ಕುಳಿತು ಪಟ್ಟಿಯನ್ನು ಮತ್ತೆ ಬರೆದೆವು. ಅಜ್ಜಿಯ ಕಂತು ಉಳಿಯಿತು.

2024ರ ಜುಲೈ 19ರಂದು ಇಂಥದೇ ಸುದ್ದಿ ಬಂತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಆದರೆ ಬಳಕೆದಾರರ ಫೈಲುಗಳು ಅಳಿದಿರಲಿಲ್ಲ. ಸೇಫ್ ಮೋಡಿನಲ್ಲಿ ಚಾಲೂ ಮಾಡಿ ಆ ಒಂದು ಫೈಲನ್ನು ತೆಗೆದರೆ ಯಂತ್ರ ಏಳುತ್ತಿತ್ತು.

ಆದ್ದರಿಂದ, ಕಂಪ್ಯೂಟರ್ ಏಳದಿದ್ದರೆ ಲೆಕ್ಕ ಸತ್ತಿತೆಂದು ತಿಳಿಯಬೇಡಿ. ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ. ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಫೈಲುಗಳು ಕಾಣುತ್ತವೆಯೇ ನೋಡಿಸಿ. ಮೊದಲು ನಕಲು, ಆಮೇಲೆ ರಿಪೇರಿ. ನಕಲನ್ನು ಅದೇ ಮನೆಯಲ್ಲಿ ಇಡಬೇಡಿ. 2019ರ ಪಂಚಗಂಗೆಯ ಮಹಾಪೂರವನ್ನು ಕೊಲ್ಹಾಪುರದವರು ಮರೆತಿಲ್ಲ.

ಮಾಡಬೇಕಾದ ನಕಲನ್ನು ಇಂದೇ ಮಾಡಿ. ನಾನು ಮಾಡಿರಲಿಲ್ಲ.