ಸೋತ ಪಕ್ಷದ ಎರಡು ವರ್ಷ: ಅಮೆರಿಕದ ಮಧ್ಯಾವಧಿ ಚುನಾವಣೆಯೂ ಅಧ್ಯಕ್ಷ ಪದವಿಯೂ

1946ರ ನವೆಂಬರ್ 6ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಮಿಸೂರಿ ರಾಜ್ಯದ ತಮ್ಮ ಊರಾದ ಇಂಡಿಪೆಂಡೆನ್ಸಿನಲ್ಲಿ ಮತ ಚಲಾಯಿಸಿ ರೈಲಿನಲ್ಲಿ ರಾಜಧಾನಿಗೆ ಹಿಂದಿರುಗಿದರು. ವಾಷಿಂಗ್ಟನ್ನಿನ ಯೂನಿಯನ್ ನಿಲ್ದಾಣದಲ್ಲಿ ಅವರನ್ನು ಎದುರುಗೊಳ್ಳಲು ಬಂದಿದ್ದ ಹಿರಿಯ ಅಧಿಕಾರಿ ಒಬ್ಬರೇ, ವಿದೇಶಾಂಗ ಇಲಾಖೆಯ ಉಪಕಾರ್ಯದರ್ಶಿ ಡೀನ್ ಅಚೆಸನ್. ಮಂತ್ರಿಗಳಿರಲಿಲ್ಲ, ಪಕ್ಷದ ಮುಖಂಡರಿರಲಿಲ್ಲ. ಹಿಂದಿನ ದಿನದ ಚುನಾವಣೆಯಲ್ಲಿ ಟ್ರೂಮನ್ನರ ಡೆಮಾಕ್ರಟಿಕ್ ಪಕ್ಷ ಕಾಂಗ್ರೆಸ್ಸಿನ ಎರಡೂ ಸದನಗಳನ್ನು ಕಳೆದುಕೊಂಡಿತ್ತು. ಸೋತವರ ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲವೆಂಬ ಲೋಕರೂಢಿಗೆ ಅಮೆರಿಕವೂ ಹೊರತಲ್ಲ.

ಭಾರತದ ಓದುಗರಿಗೆ ಇಲ್ಲೊಂದು ವಿವರಣೆ ಅವಶ್ಯ. ನಮ್ಮಲ್ಲಿ ಮಧ್ಯಂತರ ಚುನಾವಣೆ ಎಂದರೆ 1971 ಮತ್ತು 1980ರಲ್ಲಿ ಆದಂತೆ ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಗೊಂಡು ನಡೆಯುವ ಚುನಾವಣೆ. ಅಮೆರಿಕದಲ್ಲಿ ಅದು ಸಂವಿಧಾನವೇ ಗೊತ್ತುಮಾಡಿದ ಕಾಲಕ್ಕೆ ತಪ್ಪದೆ ಬರುವಂಥದು. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಪ್ರತಿನಿಧಿ ಸಭೆಯ ಸದಸ್ಯರದು ಎರಡೇ ವರ್ಷ. ಆದ್ದರಿಂದ ಅಧ್ಯಕ್ಷರ ಅವಧಿಯ ನಟ್ಟನಡುವೆ ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳಿಗೂ ಸೆನೆಟ್ಟಿನ ಸುಮಾರು ಮೂರನೆಯ ಒಂದು ಭಾಗಕ್ಕೂ ಮತದಾನ ನಡೆಯುತ್ತದೆ. ಈ ನಡುವಣ ಪರೀಕ್ಷೆಯಲ್ಲಿ ಅಧ್ಯಕ್ಷರ ಪಕ್ಷ ಸ್ಥಾನಗಳನ್ನು ಕಳೆದುಕೊಳ್ಳುವುದೇ ವಾಡಿಕೆ. 1934ರಿಂದ 2022ರವರೆಗೆ ಪ್ರತಿನಿಧಿ ಸಭೆಯಲ್ಲಿ ಅದರ ಬಲ ಹೆಚ್ಚಿದ್ದು 1934, 1998 ಮತ್ತು 2002ರಲ್ಲಿ ಮಾತ್ರ. ಹೀಗಿದ್ದೂ ಪ್ರತಿ ಸಲವೂ ಮಧ್ಯಾವಧಿಯ ಫಲಿತಾಂಶ ಹೊರಬಿದ್ದೊಡನೆ ಮುಂದಿನ ಅಧ್ಯಕ್ಷರು ಯಾರೆಂಬ ಜ್ಯೋತಿಷ್ಯ ಆರಂಭವಾಗುತ್ತದೆ. ಆ ಜ್ಯೋತಿಷ್ಯ ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ತಿಳಿಯಲು ಟ್ರೂಮನ್ನರ ಎರಡು ವರ್ಷಗಳಿಗಿಂತ ಒಳ್ಳೆಯ ದೃಷ್ಟಾಂತ ದೊರೆಯದು.

1946 ಯುದ್ಧ ಮುಗಿದ ಮರುವರ್ಷ. ಬೆಲೆಗಳು ಏರುತ್ತಿದ್ದವು, ಅಂಗಡಿಗಳಲ್ಲಿ ಮಾಂಸ ಸಿಗುತ್ತಿರಲಿಲ್ಲ, ಕಲ್ಲಿದ್ದಲು ಗಣಿಗಳಲ್ಲಿಯೂ ರೈಲ್ವೆಯಲ್ಲಿಯೂ ಮುಷ್ಕರಗಳು ನಡೆದಿದ್ದವು. ಮೇ ತಿಂಗಳಲ್ಲಿ ಟ್ರೂಮನ್ ಮುಷ್ಕರನಿರತ ರೈಲ್ವೆ ನೌಕರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರವನ್ನೇ ಕೇಳಿ, ತಮ್ಮ ಪಕ್ಷದ ಬೆನ್ನೆಲುಬಾಗಿದ್ದ ಕಾರ್ಮಿಕ ಸಂಘಗಳನ್ನು ದೂರಮಾಡಿಕೊಂಡಿದ್ದರು. ‘ಸಾಕಾಯಿತೆ?’ ಎಂಬ ಒಂದೇ ಪ್ರಶ್ನೆಯನ್ನು ರಿಪಬ್ಲಿಕನ್ನರು ಊರೂರಿನಲ್ಲಿ ಕೇಳಿದರು. ಮತದಾರರು ಸಾಕಾಯಿತೆಂದೇ ಉತ್ತರಿಸಿದರು. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರಿಗೆ 246 ಸ್ಥಾನ, ಸೆನೆಟ್ಟಿನಲ್ಲಿ 51. ಕ್ಯಾಲಿಫೋರ್ನಿಯದಿಂದ ರಿಚರ್ಡ್ ನಿಕ್ಸನ್ ಎಂಬ ತರುಣ ವಕೀಲರು ಮೊದಲ ಬಾರಿಗೆ ಆರಿಸಿಬಂದದ್ದು ಈ ಅಲೆಯಲ್ಲಿಯೇ.

ಸೋಲು ಎಷ್ಟು ಗಾಢವಾಗಿತ್ತೆಂದರೆ, ಅಧ್ಯಕ್ಷರ ಪಕ್ಷದವರೇ ಆದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಒಂದು ವಿಚಿತ್ರ ಸಲಹೆಯನ್ನು ಮುಂದಿಟ್ಟರು. ಟ್ರೂಮನ್ ರಿಪಬ್ಲಿಕನ್ ನಾಯಕರೊಬ್ಬರನ್ನು ವಿದೇಶಾಂಗ ಮಂತ್ರಿಯಾಗಿ ನೇಮಿಸಿ ತಾವು ರಾಜೀನಾಮೆ ಕೊಡಬೇಕು. ಉಪಾಧ್ಯಕ್ಷರ ಸ್ಥಾನ ಖಾಲಿ ಇದ್ದುದರಿಂದ ಆಗಿನ ಕಾನೂನಿನಂತೆ ಆ ಮಂತ್ರಿಯೇ ಅಧ್ಯಕ್ಷರಾಗುತ್ತಾರೆ ಎಂಬುದು ಅವರ ತರ್ಕ. ಬ್ರಿಟನ್ನಿನ ಸಂಸದೀಯ ಪದ್ಧತಿಗೆ ಒಪ್ಪುವ ಮಾತು ಇದು, ಅಮೆರಿಕದ ಸಂವಿಧಾನಕ್ಕೆ ಒಪ್ಪುವಂಥದಲ್ಲ. ಟ್ರೂಮನ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ನಡೆದ ಸಂಗತಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಗೆದ್ದವರಿಗೆ ಅಧಿಕಾರ ದೊರೆತಿತ್ತು. ಅಧಿಕಾರ ದೊರೆತ ಮೇಲೆ ಅದನ್ನು ಬಳಸಲೇಬೇಕು. 1947ರ ಜೂನಿನಲ್ಲಿ ಅವರು ಕಾರ್ಮಿಕ ಸಂಘಗಳ ಕೈಕಟ್ಟುವ ಟಾಫ್ಟ್-ಹಾರ್ಟ್ಲಿ ಕಾಯಿದೆಯನ್ನು ಅಧ್ಯಕ್ಷರ ನಿಷೇಧಾಧಿಕಾರವನ್ನು ಮೀರಿ ಜಾರಿಗೆ ತಂದರು. ಒಂದು ವರ್ಷದ ಹಿಂದೆ ಟ್ರೂಮನ್ನರನ್ನು ಶಪಿಸುತ್ತಿದ್ದ ಸಂಘಗಳು ಈಗ ಅವರ ಕಡೆಗೆ ತಿರುಗಿದವು. 1948ರ ಜೂನಿನಲ್ಲಿ ಸರ್ಕಾರದ ಧಾನ್ಯ ನಿಗಮದ ಸನ್ನದನ್ನು ನವೀಕರಿಸುವಾಗ ಹೊಸ ಕಣಜಗಳನ್ನು ಪಡೆಯುವ ಅಧಿಕಾರವನ್ನು ಕಾಂಗ್ರೆಸ್ಸು ಕಿತ್ತುಹಾಕಿತು. ಆ ವರ್ಷ ಮುಸುಕಿನ ಜೋಳದ ಬೆಳೆ ಹುಲುಸಾಗಿ ಬಂದು ಬೆಲೆ ಕುಸಿಯಿತು. ಒಪ್ಪಿತವಾದ ಕಣಜದಲ್ಲಿ ಧಾನ್ಯವಿಡದೆ ಸರ್ಕಾರದ ಬೆಂಬಲ ಸಾಲ ಸಿಗದು, ಕಣಜವೋ ಇಲ್ಲ. ಸನ್ನದಿನ ಒಂದು ಒಳವಾಕ್ಯವನ್ನು ವಾಷಿಂಗ್ಟನ್ನಿನಲ್ಲಿ ಯಾರೂ ದೊಡ್ಡದೆಂದು ಭಾವಿಸಿರಲಿಲ್ಲ. ರೈತನ ಅಂಗಳದಲ್ಲಿ ಅದು ಜೋಳದ ರಾಶಿಯಾಗಿ ಬಿದ್ದಿತ್ತು. ಯೌವನದಲ್ಲಿ ಸುಮಾರು ಹತ್ತು ವರ್ಷ ಸ್ವತಃ ಬೇಸಾಯ ಮಾಡಿದ್ದ ಟ್ರೂಮನ್ನರಿಗೆ ಈ ಸಂಕಟದ ಭಾಷೆ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಅಯೋವ ರಾಜ್ಯದ ಡೆಕ್ಸ್‌ಟರ್ ಎಂಬಲ್ಲಿ ನಡೆದ ಉಳುವ ಸ್ಪರ್ಧೆಗೆ ನೆರೆದಿದ್ದ ರೈತಸಮೂಹದ ಮುಂದೆ ಅವರು ಇದನ್ನೇ ಎತ್ತಿ ಆಡಿದರು.

ಗೆದ್ದ ಪಕ್ಷದ ಒಳಗಿನ ಬಿರುಕು ಇನ್ನೂ ಕುತೂಹಲಕರ. ರಿಪಬ್ಲಿಕನ್ನರ ಅಭ್ಯರ್ಥಿಯಾದ ಥಾಮಸ್ ಡ್ಯೂಯಿ ನ್ಯೂಯಾರ್ಕಿನ ಗವರ್ನರು. 1946ರ ಅಲೆಯಲ್ಲಿಯೇ ಆರು ಲಕ್ಷಕ್ಕೂ ಮಿಕ್ಕ ಮತಗಳ ಅಂತರದಿಂದ ಪುನರಾಯ್ಕೆಯಾಗಿದ್ದವರು, ಉದಾರ ಧೋರಣೆಯವರು. ಕಾಂಗ್ರೆಸ್ಸಿನಲ್ಲಿ ಪಕ್ಷವನ್ನು ನಡೆಸುತ್ತಿದ್ದವರು ಒಹಾಯೊದ ಸೆನೆಟರ್ ರಾಬರ್ಟ್ ಟಾಫ್ಟ್, ಸಂಪ್ರದಾಯನಿಷ್ಠರು. 1948ರ ಜುಲೈ 15ರ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಫಿಲಡೆಲ್ಫಿಯದ ಪಕ್ಷಾಧಿವೇಶನದಲ್ಲಿ ಎದ್ದುನಿಂತ ಟ್ರೂಮನ್, ರಿಪಬ್ಲಿಕನ್ನರು ತಮ್ಮ ಪ್ರಣಾಳಿಕೆಯಲ್ಲಿ ವಸತಿಯೇ ಮೊದಲಾಗಿ ಏನೇನು ಮಾಡುವೆವೆಂದಿದ್ದಾರೋ ಅದನ್ನು ಈಗಲೇ ಮಾಡಿ ತೋರಿಸಲಿ ಎಂದು ಕಾಂಗ್ರೆಸ್ಸನ್ನು ಜುಲೈ 26ಕ್ಕೆ ವಿಶೇಷ ಅಧಿವೇಶನಕ್ಕೆ ಕರೆದರು. ಮಿಸೂರಿಯ ರೈತರು ಟರ್ನಿಪ್ ಗೆಡ್ಡೆಯ ಬೀಜ ಬಿತ್ತುವ ದಿನವೆಂದು ಅದನ್ನು ಬಣ್ಣಿಸಿದರು. ಡ್ಯೂಯಿಯ ಕಡೆಯವರು ಒಂದೆರಡು ಮಸೂದೆಗಳನ್ನಾದರೂ ಒಪ್ಪಿಬಿಡಿರೆಂದು ಬೇಡಿದರೂ ಟಾಫ್ಟ್ ಕದಲಲಿಲ್ಲ. ಎರಡು ವಾರದೊಳಗೆ ಅಧಿವೇಶನ ಹೇಳಿಕೊಳ್ಳುವಂಥ ಫಲವಿಲ್ಲದೆ ಮುಗಿಯಿತು. ಆ ಕಾಂಗ್ರೆಸ್ಸನ್ನು ತನ್ನದೆಂದು ಹೊಗಳಲೂ ತನ್ನದಲ್ಲವೆಂದು ತೊರೆಯಲೂ ಆಗದ ಡ್ಯೂಯಿ ಮೌನದ ದಾರಿ ಹಿಡಿದರು. ಅವರ ಸಪ್ಪೆ ಭಾಷಣಗಳನ್ನು ಅತಿವಿಶ್ವಾಸದ ಫಲವೆಂದು ಟೀಕಿಸುವುದುಂಟು. ಮಾತನಾಡಿದರೆ ಪಕ್ಷ ಒಡೆಯುವ ಸ್ಥಿತಿಯಲ್ಲಿದ್ದ ಅಭ್ಯರ್ಥಿಗೆ ಬೇರೆ ದಾರಿ ಇತ್ತೇ ಎಂಬುದನ್ನೂ ಟೀಕಾಕಾರರು ಯೋಚಿಸಬೇಕು.

ಫಲಿತಾಂಶ ಲೋಕಪ್ರಸಿದ್ಧ. ಡ್ಯೂಯಿ ಗೆದ್ದರೆಂದು ಅಚ್ಚುಹಾಕಿದ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆಯನ್ನು ಎತ್ತಿಹಿಡಿದು ನಗುವ ಟ್ರೂಮನ್ನರ ಚಿತ್ರವನ್ನು ನೋಡದವರು ವಿರಳ. ಟ್ರೂಮನ್ನರಿಗೆ 303 ಚುನಾಯಕ ಮತಗಳು, ಡ್ಯೂಯಿಗೆ 189. ಎರಡೂ ಸದನಗಳು ಡೆಮಾಕ್ರಟರ ಕೈಗೆ ಮರಳಿದವು. ಆದರೂ ಇದನ್ನು ಮಹಾವಿಜಯವೆಂದು ಹಿಗ್ಗಿಸುವುದು ಸಲ್ಲದು. ಒಹಾಯೊ, ಕ್ಯಾಲಿಫೋರ್ನಿಯ, ಇಲಿನಾಯ್ ಈ ಮೂರು ರಾಜ್ಯಗಳಲ್ಲಿ ಅಂತರಗಳನ್ನು ಕೂಡಿದರೂ 60 ಸಾವಿರವಾಗದು. ಆ ಮೂರೂ ತಿರುಗಿದ್ದರೆ ಡ್ಯೂಯಿಯೇ ಅಧ್ಯಕ್ಷರು.

ಇದೇ ಪಕ್ಷದ ಮುಂದಿನ ಕಥೆ ಇದಕ್ಕೆ ತದ್ವಿರುದ್ಧ. 1950ರ ಮಧ್ಯಾವಧಿಯಲ್ಲಿ ಡೆಮಾಕ್ರಟರು ಪ್ರತಿನಿಧಿ ಸಭೆಯಲ್ಲಿ 28 ಸ್ಥಾನಗಳನ್ನಷ್ಟೇ ಕಳೆದುಕೊಂಡು ಎರಡೂ ಸದನಗಳನ್ನು ಉಳಿಸಿಕೊಂಡರು. ಮೇಲ್ನೋಟಕ್ಕೆ 1946ಕ್ಕಿಂತ ಎಷ್ಟೋ ಮೇಲು. ಆದರೆ ಕೊರಿಯಾ ಯುದ್ಧವಾಗಲಿ ಬೆಲೆಯೇರಿಕೆಯಾಗಲಿ, ದೂರಲು ಎದುರುಪಕ್ಷದ ಕಾಂಗ್ರೆಸ್ಸು ಇರಲಿಲ್ಲ. 1952ರಲ್ಲಿ ಟ್ರೂಮನ್ ಸ್ಪರ್ಧಿಸಲಿಲ್ಲ. ಪಕ್ಷದ ಅಭ್ಯರ್ಥಿ ಆಡ್ಲೈ ಸ್ಟೀವನ್‌ಸನ್ 89 ಚುನಾಯಕ ಮತಗಳಿಗೆ ಕುಸಿದರು.

ಹೀಗೆಂದು ಇದನ್ನೊಂದು ಸೂತ್ರವಾಗಿ ಕಂಠಪಾಠ ಮಾಡುವಂತಿಲ್ಲ. 1930ರ ಚುನಾವಣೆಯ ಬಳಿಕ ಪ್ರತಿನಿಧಿ ಸಭೆ ಎದುರುಪಕ್ಷಕ್ಕೆ ಹೋದುದರಿಂದ ಹರ್ಬರ್ಟ್ ಹೂವರರಿಗೆ ಯಾವ ಲಾಭವೂ ಆಗಲಿಲ್ಲ. ಮಹಾ ಆರ್ಥಿಕ ಕುಸಿತದ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವುದು ಅಸಾಧ್ಯವಾಗಿ 1932ರಲ್ಲಿ ಅವರು 48 ರಾಜ್ಯಗಳಲ್ಲಿ 6ನ್ನು ಮಾತ್ರ ಗೆದ್ದರು. 2006ರಲ್ಲಿ ಎರಡೂ ಸದನಗಳನ್ನು ಗೆದ್ದ ಡೆಮಾಕ್ರಟರೇ 2008ರಲ್ಲಿಯೂ ಗೆದ್ದರು. ಆದರೆ ಆಗ ಕಣದಲ್ಲಿ ಹಾಲಿ ಅಧ್ಯಕ್ಷರಿರಲಿಲ್ಲ ಎಂಬುದನ್ನು ಮರೆಯಬಾರದು. ಕಾಂಗ್ರೆಸ್ಸನ್ನು ದೂರಿ ಗೆಲ್ಲುವ ವಿದ್ಯೆ ಪೀಠದಲ್ಲಿ ಕುಳಿತವರಿಗಷ್ಟೇ ಒಲಿಯುವಂಥದು. 1994ರ ಸೋಲಿನ ನಂತರ ಬಿಲ್ ಕ್ಲಿಂಟನ್ನರೂ, 63 ಸ್ಥಾನ ಕಳೆದುಕೊಂಡ 2010ರ ನಂತರ ಬರಾಕ್ ಒಬಾಮರೂ ಅದನ್ನೇ ಪ್ರಯೋಗಿಸಿ ಪುನರಾಯ್ಕೆಯಾದರು.

ನಿಕ್ಸನ್ನರ ಅದೃಷ್ಟವೇ ಬೇರೆ. 1962ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಚುನಾವಣೆಯಲ್ಲಿ ಸೋತು, ಇದೇ ತಮ್ಮ ಕೊನೆಯ ಪತ್ರಿಕಾಗೋಷ್ಠಿಯೆಂದು ಸಾರಿ ಹೊರನಡೆದಿದ್ದ ಅವರು 1966ರ ಮಧ್ಯಾವಧಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಲೆದು ಪಕ್ಷದ ಅಭ್ಯರ್ಥಿಗಳ ಪರ ಮಾತನಾಡಿದರು. ರಿಪಬ್ಲಿಕನ್ನರಿಗೆ ಪ್ರತಿನಿಧಿ ಸಭೆಯಲ್ಲಿ 47 ಹೆಚ್ಚುವರಿ ಸ್ಥಾನಗಳು ಬಂದವು, ಬಹುಮತ ಬರಲಿಲ್ಲ. ಅದರಿಂದಾದ ಪ್ರಯೋಜನ ಸಣ್ಣದಲ್ಲ. ಆಳುವ ಹೊಣೆ ಹೆಗಲೇರದೆ ಬಲವಷ್ಟೇ ಹೆಚ್ಚಿತು. ಊರೂರಿನ ಗೆದ್ದ ಅಭ್ಯರ್ಥಿಗಳು ನಿಕ್ಸನ್ನರಿಗೆ ಋಣಿಗಳಾದರು. 1968ರಲ್ಲಿ ಅವರು ಶ್ವೇತಭವನವನ್ನು ಸೇರಿದರು.

2022ರಲ್ಲಿ ಜೋ ಬೈಡನ್ನರ ಪಕ್ಷ ನಿರೀಕ್ಷೆ ಮೀರಿ ನಿಂತಿತು. ಪ್ರತಿನಿಧಿ ಸಭೆಯಲ್ಲಿ ಒಟ್ಟು ನಷ್ಟ 9 ಸ್ಥಾನ, ಸೆನೆಟ್ಟಿನಲ್ಲಿ ಒಂದರ ಲಾಭ. ಅಧ್ಯಕ್ಷರ ವಯಸ್ಸನ್ನು ಕುರಿತು ಗುಸುಗುಸು ಆಡುತ್ತಿದ್ದ ಪಕ್ಷದವರು ಆ ಫಲಿತಾಂಶದ ಮುಂದೆ ಬಾಯಿ ಮುಚ್ಚಿದರು. 2023ರ ಏಪ್ರಿಲಿನಲ್ಲಿ ಬೈಡನ್ ಮತ್ತೆ ಸ್ಪರ್ಧಿಸುವುದಾಗಿ ಘೋಷಿಸಿದರು, 2024ರ ಜುಲೈ 21ರಂದು ಕಣದಿಂದ ಸರಿದರು. ಅವರ ಸ್ಥಾನದಲ್ಲಿ ನಿಂತ ಕಮಲಾ ಹ್ಯಾರಿಸರಿಗೆ ಪ್ರಚಾರಕ್ಕೆ ಉಳಿದದ್ದು ಮೂರೂವರೆ ತಿಂಗಳು. ದೊರೆತ ಚುನಾಯಕ ಮತಗಳು 226, ಡೊನಾಲ್ಡ್ ಟ್ರಂಪರಿಗೆ 312.