‘ಭೋಗ್ಯ’: ಒಂದು ಪದದ ಅರ್ಥಸಂಚಾರ

ಉತ್ತರ ಬೆಂಗಳೂರಿನ ಅಮೃತಹಳ್ಳಿಯಂತಹ, ಹಳ್ಳಿಯ ಹೆಸರನ್ನುಳಿಸಿಕೊಂಡು ನಗರವಾದ ಬಡಾವಣೆಗಳಲ್ಲಿ ಮನೆಯನ್ನು ‘ಬಾಡಿಗೆಗೆ’ ಕೊಡುವಂತೆ ‘ಭೋಗ್ಯಕ್ಕೆ’ ಹಾಕುವ ರೂಢಿಯೂ ಉಂಟು. ಭೋಗ್ಯದಲ್ಲಿ ತಿಂಗಳ ಬಾಡಿಗೆಯಿಲ್ಲ. ಕೆಲವು ಲಕ್ಷ ರೂಪಾಯಿಗಳ ಇಡುಗಂಟನ್ನು ಒಡೆಯನಿಗೆ ಕೊಟ್ಟು, ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಅಷ್ಟನ್ನೇ ಹಿಂಪಡೆಯುವ ಏರ್ಪಾಡಿದು. ಹಣದ ಬಡ್ಡಿಯೇ ಬಾಡಿಗೆ. ಆಡುಮಾತಿನಲ್ಲಿ ಇದನ್ನೇ ‘ಲೀಸ್’ ಎನ್ನುವುದುಂಟು. ತೊಡಕಿನ ಮೂಲ ಅಲ್ಲಿದೆ.

‘ಭುಜ್’ ಧಾತುವಿನಿಂದ ಬಂದ ಭೋಗ್ಯಕ್ಕೆ ಅನುಭವಿಸತಕ್ಕದ್ದು ಎಂದರ್ಥ. ಆದರೆ ವ್ಯವಹಾರದಲ್ಲಿ ಈ ಪದವು ಬಾಡಿಗೆಯ ಕುಲಕ್ಕೆ ಸೇರಿದ್ದಲ್ಲ, ಸಾಲದ ಕುಲಕ್ಕೆ ಸೇರಿದ್ದು. ಧರ್ಮಶಾಸ್ತ್ರಗಳು ‘ಆಧಿ’ಯನ್ನು, ಅಂದರೆ ಒತ್ತೆಯನ್ನು, ಗೋಪ್ಯ ಮತ್ತು ಭೋಗ್ಯ ಎಂದು ವಿಂಗಡಿಸುತ್ತವೆ. ಗೋಪ್ಯವನ್ನು ಕಾಪಾಡಬೇಕು, ಬಳಸಿದರೆ ಬಡ್ಡಿ ನಷ್ಟ. ಭೋಗ್ಯದ ಫಲವನ್ನು ಸಾಲ ಕೊಟ್ಟವನು ಉಣ್ಣಬಹುದು. ಯಾಜ್ಞವಲ್ಕ್ಯಸ್ಮೃತಿಯ ಈ ವಿಚಾರಕ್ಕೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನೆಂಬುದನ್ನು ಕನ್ನಡಿಗರು ನೆನೆಯಬೇಕು. ಹೊಲವನ್ನು ಭೋಗ್ಯಕ್ಕೆ ಹಾಕುವ ರೈತನ ಮಾತಿನಲ್ಲಿ ಉಳಿದು ಬಂದುದು ಇದೇ ಅರ್ಥ. ಗೇಣಿ, ಗುತ್ತಿಗೆಗಳ ಜಾಡೇ ಬೇರೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಸ್ವತ್ತಿನ ಸ್ವಾಧೀನ ಪಡೆದು ಅದರ ಆದಾಯವನ್ನು ಬಡ್ಡಿಗೋ ಅಸಲಿಗೋ ವಜಾ ಹಾಕಿಕೊಳ್ಳುವ ಅಡಮಾನ 58ನೆಯ ಕಲಮಿನಲ್ಲಿದೆ, ಗುತ್ತಿಗೆ 105ರಲ್ಲಿದೆ. ಹೆಸರಿನ ಗೊಂದಲಕ್ಕೆ ಬೆಲೆ ತೆರಬೇಕಾಗುವುದು ಇಲ್ಲಿಯೇ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕೆಂದು ಜನರು 11 ತಿಂಗಳ ಕರಾರು ಬರೆಯುತ್ತಾರೆ. ಈ ಉಪಾಯ ಗುತ್ತಿಗೆಗೆ ಒದಗೀತು, ಭೋಗ್ಯಕ್ಕೆ ಒದಗದು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ಸ್ವಾಧೀನದ ಅಡಮಾನವಾಗಬೇಕಾದರೆ, ಅವಧಿ ಎಷ್ಟೇ ಇರಲಿ, ಇಬ್ಬರು ಸಾಕ್ಷಿಗಳ ರುಜುವುಳ್ಳ ನೋಂದಾಯಿತ ಪತ್ರವೇ ಬೇಕು (ಕಲಮು 59). ಬರಿಯ ಛಾಪಾ ಕಾಗದದ ಮೇಲೆ ಜೀವಮಾನದ ಉಳಿತಾಯವನ್ನು ಕೊಟ್ಟವನು ಒಡೆಯನಿಂದ ಹಣ ಕೇಳಬಹುದೇ ಹೊರತು ಮನೆಯ ಮೇಲೆ ಅಡಮಾನದಾರನ ಹಕ್ಕನ್ನು ಸಾಧಿಸಲಾರ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರಂತೂ, ಪತ್ರ ನೋಂದಣಿಯಾಗಿದ್ದರೂ ಬ್ಯಾಂಕಿನ ಹಕ್ಕೇ ಮುಂದು.

ಈ ಪದ್ಧತಿ ನಮ್ಮದೊಂದೇ ಅಲ್ಲ. ದಕ್ಷಿಣ ಕೊರಿಯಾದ ‘ಜೊನ್ಸೆ’ಯೂ ಬಾಡಿಗೆಯಿಲ್ಲದ ಇಡುಗಂಟಿನ ವಾಸವೇ, ಅಲ್ಲಿಯೂ ಇಡುಗಂಟು ಮರಳದ ಪ್ರಕರಣಗಳು 2022–23ರಲ್ಲಿ ದೊಡ್ಡ ಸುದ್ದಿಯಾದವು.

ಕನ್ನಡದ ನುಡಿಗಟ್ಟು ಮಾತ್ರ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಬಾಡಿಗೆಗೆ ಮನೆಯನ್ನು ‘ಕೊಡುತ್ತಾರೆ’. ಭೋಗ್ಯಕ್ಕೆ, ಅಡವಿಗೆ ಒಡವೆಯನ್ನು ಹಾಕಿದಂತೆಯೇ, ‘ಹಾಕುತ್ತಾರೆ’.