ಚಿತ್ರದ ಕೆಳಗಿನ ಕನ್ನಡ

ಅಡಿಬರಹದಿಂದ ಹಂಪಿಯ ಫೋಟೊಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಕಡೆದ ಏಕಶಿಲೆಯ ನರಸಿಂಹನ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಆಕೆಯ ಮೂರ್ತಿ ಒಡೆದುಹೋದ ಮೇಲೆ ಉಳಿದ ಗುಡ್ಡೆಗಣ್ಣು, ಕೋರೆಹಲ್ಲು ಕಂಡ ಜನ ಉಗ್ರನರಸಿಂಹ ಎಂದು ಕರೆದರು. ಪತ್ರಿಕೆಗಳು ಚಿತ್ರದಡಿ ಅದನ್ನೇ ಅಚ್ಚು ಹಾಕುತ್ತ ಬಂದವು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ; ಈಗ ಅದಿಲ್ಲ. ಇಸವಿ ನಮೂದಿಸದೆ ಹಳೆಯ, ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಓದುಗ ಎರಡರಲ್ಲಿ ಒಂದನ್ನು ಸುಳ್ಳು ಅಂದುಕೊಂಡಾನು.

ಪತ್ರಿಕೆಯ ಕ್ಯಾಪ್ಷನ್ ಹೀಗೆ ಎಡವಿದರೂ ಒಂದು ಮಾತು ನಿಜ: ಅದು ಕನ್ನಡ ಓದುಗನಿಗಾಗಿಯೇ ಬರೆದದ್ದು. ಸಿನಿಮಾ, ಟಿ.ವಿ.ಗಳ ಅಡಿಬರಹದ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಮೂಕಿ ಚಿತ್ರಗಳಲ್ಲಿ ಮಾತೆಲ್ಲ ಅಕ್ಷರದಲ್ಲೇ ಇತ್ತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಪರದೆಗೆ ದನಿ ಬಂದು ಅಕ್ಷರ ಹೋಯಿತು. ಕೇಳುವವರಿಗೆ ಅದು ಹಬ್ಬ. ಕಿವುಡರಿಗೆ ಮಾತ್ರ ಅಲ್ಲಿಯವರೆಗೆ ತೆರೆದಿದ್ದ ಬಾಗಿಲು ಮುಚ್ಚಿತು. ಅಮೆರಿಕದಲ್ಲಿ ಸ್ವತಃ ಕಿವುಡನಾಗಿದ್ದ ನಟ ಎಮರ್ಸನ್ ರೊಮೆರೊ 1947ರಲ್ಲಿ ಟಾಕಿ ಚಿತ್ರಗಳ ನಡುವೆ ಮತ್ತೆ ಅಕ್ಷರದ ತುಣುಕುಗಳನ್ನು ಸೇರಿಸಿದ. 1972ರಲ್ಲಿ ಬೋಸ್ಟನ್ ಟಿ.ವಿ. ಕೇಂದ್ರದ ಒಂದು ಅಡುಗೆ ಕಾರ್ಯಕ್ರಮಕ್ಕೆ ಅಡಿಬರಹ ಬಂತು. 1980ರಿಂದ ಬೇಕೆಂದವರಿಗೆ ಮಾತ್ರ ಕಾಣುವ ಮುಚ್ಚಿದ ಅಡಿಬರಹ ಶುರುವಾಯಿತು. ಅದನ್ನು ತೋರಿಸುವ ಚಿಪ್ 1993ರಿಂದ ಅಲ್ಲಿ ಮಾರುವ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿ.ವಿ.ಗಳಿಗೆಲ್ಲ ಕಡ್ಡಾಯವಾಯಿತು.

ಆ ತಂತ್ರ ನಮಗೆ ಒದಗುವಂತಿರಲಿಲ್ಲ. ಅದರ ಅಕ್ಷರಮಣೆ ರೋಮನ್ ಲಿಪಿಯದು, ಸಾಲಿಗೆ 32 ಅಕ್ಷರದ ಲೆಕ್ಕ. ಒತ್ತಕ್ಷರ ಕೆಳಗಿಳಿಯುವ, ಗುಡಿಸು ಮೇಲೇರುವ ಕನ್ನಡಕ್ಕೆ ಆ ಮಣೆಯಲ್ಲಿ ಜಾಗವೇ ಇಲ್ಲ.

ನಮ್ಮ ಕಡೆ ಟಿ.ವಿ. ಮೊದಲು ಬಂದದ್ದು ಪಾಠ ಹೇಳಲು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಕಂಪ್ಲಿ, ಹಂಪಿಗಳಿಂದ ತುಂಗಭದ್ರೆ ದಾಟಿದರೆ ಆಗ ರಾಯಚೂರು ಜಿಲ್ಲೆಯೇ. ಒಂದು ಚಿತ್ರದ ಜೊತೆ ಎರಡು ಭಾಷೆಯ ದನಿ ಕಳಿಸುವ ಅನುಕೂಲ ಆ ಉಪಗ್ರಹಕ್ಕಿತ್ತು. ಆದರೆ ಕನ್ನಡ, ತೆಲುಗು ಎರಡಕ್ಕೂ ಒಂದೇ ಚಿತ್ರವಾದಾಗ ಅದರ ಮೇಲೆ ಯಾವ ಲಿಪಿಯಲ್ಲಿ ಬರೆಯುವುದು?

ಮುಂದೆ ದೂರದರ್ಶನದ ಭಾನುವಾರಗಳು ಬಂದವು. ಶ್ರವಣದೋಷವುಳ್ಳವರಿಗಾಗಿ ವಾರಕ್ಕೊಮ್ಮೆಯ ವಾರ್ತೆ 1987ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಮಧ್ಯಾಹ್ನ ಪ್ರಾದೇಶಿಕ ಚಿತ್ರ. ಕನ್ನಡದ ಸರದಿ ಬಂದಾಗ ಊರವರೆಲ್ಲ ಕೂತು ನೋಡಿದ್ದು ನಿಜ, ಕೆಳಗಿದ್ದದ್ದು ಮಾತ್ರ ಇಂಗ್ಲಿಷ್. ದೆಹಲಿಯವರಿಗೆ, ಚಿತ್ರೋತ್ಸವದವರಿಗೆ ಕನ್ನಡವನ್ನು ಅರ್ಥ ಮಾಡಿಸಲು ಬರೆದದ್ದದು. ಕನ್ನಡ ಬಲ್ಲ ಕಿವುಡ ನೋಡುಗನೊಬ್ಬ ಇದ್ದಾನೆಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಹಾಗೆ ನೋಡಿದರೆ ಕಿವುಡ ಮಕ್ಕಳಿಗಾಗಿ ಸರ್ಕಾರ ನಡೆಸುವ ಕೆಲವೇ ವಸತಿ ಶಾಲೆಗಳಲ್ಲಿ ಒಂದು ನಮ್ಮ ಬಳ್ಳಾರಿಯಲ್ಲೇ ಇದೆ.

ಅದೇ ಭಾಷೆಯ ಮಾತಿಗೆ ಅದೇ ಭಾಷೆಯ ಅಕ್ಷರ ಎಂಬ ಯೋಚನೆ ಭಾರತದಲ್ಲಿ ಮೂಡಿದ್ದು ಕಿವುಡರ ದೆಸೆಯಿಂದಲ್ಲ, ಓದಿನ ದೆಸೆಯಿಂದ. ಸಂಶೋಧಕ ಬ್ರಿಜ್ ಕೊಠಾರಿ ಅಮೆರಿಕದಲ್ಲಿ ಓದುವಾಗ ಸ್ಪ್ಯಾನಿಷ್ ಸಿನಿಮಾ ನೋಡುತ್ತ, ಅಡಿಬರಹವೂ ಸ್ಪ್ಯಾನಿಷ್‌ನಲ್ಲೇ ಇದ್ದಿದ್ದರೆ ಭಾಷೆ ಬೇಗ ಹತ್ತುತ್ತಿತ್ತು ಎಂದುಕೊಂಡರು. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಅದೇ ಅವರ ಸಂಶೋಧನೆಯಾಯಿತು. 1999ರಲ್ಲಿ ಗುಜರಾತಿಯ ‘ಚಿತ್ರಗೀತ್’, 2002ರಲ್ಲಿ ಹಿಂದಿಯ ‘ಚಿತ್ರಹಾರ್’, ಆಮೇಲೆ ಕನ್ನಡವೂ ಸೇರಿ ಹಲವು ಭಾಷೆಗಳ ಹಾಡಿನ ಕಾರ್ಯಕ್ರಮಗಳಿಗೆ ಈ ಪದ್ಧತಿ ಹಬ್ಬಿತು. ಹಾಡಿನ ಸಾಲು ಕೆಳಗೆ ಬರುತ್ತದೆ. ಗಾಯಕ ಪದ ಹಿಡಿದಂತೆ ಆ ಪದದ ಬಣ್ಣ ಬದಲಾಗುತ್ತದೆ. ಹಾಡು ಬಾಯಿಪಾಠ ಇರುವುದರಿಂದ ಕಿವಿ ಮುಂದೆ ಹೋಗಿ ಕಣ್ಣನ್ನು ಕರೆದೊಯ್ಯುತ್ತದೆ. ಶಾಲೆಯ ಓದಿನಿಂದಷ್ಟೇ ಸುಮಾರು ಕಾಲು ಭಾಗ ಮಕ್ಕಳು ಸರಾಗ ಓದುಗರಾದರೆ, ವಾರಕ್ಕೆ ಅರ್ಧ ಗಂಟೆ ಇಂಥ ಹಾಡು ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಮಟ್ಟ ಮುಟ್ಟಿದರು ಎಂದು ಕೊಠಾರಿಯವರ ತಂಡ ಹೇಳಿತು. ಟಿ.ವಿ. ಇರುವ ಮನೆಯಲ್ಲಿ ಓದಿಗೆ ಬೇರೆ ಅನುಕೂಲಗಳೂ ಇರಬಹುದಲ್ಲ ಎಂಬ ಅನುಮಾನ ನನಗಿದೆ. ಆದರೂ ಇಷ್ಟು ಕಡಿಮೆ ಖರ್ಚಿನ ಓದಿನ ಪಾಠ ಇನ್ನೊಂದು ಕಾಣೆ.

ನಮ್ಮ ಸಂಡೂರು ತಾಲ್ಲೂಕಿಗೆ ಇದು ಹೇಳಿ ಮಾಡಿಸಿದ್ದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಅದಕ್ಕೆ ಸ್ವಂತ ಲಿಪಿಯಿಲ್ಲ. ಪೇಟೆಯಲ್ಲಿ ತೆಲುಗು, ಉರ್ದು ಕೇಳುತ್ತದೆ. ಕನ್ನಡವೇನಿದ್ದರೂ ಶಾಲೆಯ ಭಾಷೆ. ಸಿನಿಮಾ ಹಾಡು ಮಾತ್ರ ಎಲ್ಲ ಓಣಿಗಳಿಗೂ ಸಮ. ಯಶವಂತನಗರದ ಪಾಲಿಟೆಕ್ನಿಕ್‌ಗೆ ಕನ್ನಡ ಮಾಧ್ಯಮದಿಂದ ಬರುವ ಹುಡುಗರ ಕಷ್ಟ ಇನ್ನೊಂದು ಬಗೆಯದು. ಐಐಟಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠ ಮೊಬೈಲ್‌ನಲ್ಲೇ ಸಿಗುತ್ತದೆ, ಇಂಗ್ಲಿಷಿನ ಓಟಕ್ಕೆ ಕಿವಿ ಸೋಲುತ್ತದೆ. ಅಲ್ಲಿ ಇಂಗ್ಲಿಷ್ ಮಾತಿನಡಿಯ ಇಂಗ್ಲಿಷ್ ಅಕ್ಷರವೇ ದೊಡ್ಡ ಆಸರೆ: ನಿಲ್ಲಿಸಬಹುದು, ಪದವನ್ನು ನಿಘಂಟಿನಲ್ಲಿ ಹುಡುಕಬಹುದು.

ಸುದ್ದಿ ಚಾನೆಲ್‌ಗಳದ್ದು ವಿಚಿತ್ರ. 2006ರಲ್ಲಿ ಟಿವಿ9 ಬಂದ ಮೇಲೆ ಕನ್ನಡದ ಪರದೆಯ ಮೇಲೆ ಅಕ್ಷರಕ್ಕೆ ಬರವಿಲ್ಲ. ಬ್ರೇಕಿಂಗ್, ಫ್ಲ್ಯಾಶ್, ಸ್ಕ್ರಾಲ್, ಮೂಲೆಯಲ್ಲಿ ಚಿನ್ನದ ದರ! ಇಷ್ಟೆಲ್ಲ ಇದ್ದೂ ನಿರೂಪಕ ಈಗ ಏನು ಹೇಳಿದ ಎಂಬುದು ಕಿವುಡನಿಗೆ ಸಿಗುವುದಿಲ್ಲ. ಅದು ಅಡಿಬರಹವಲ್ಲ, ಅಂಗಡಿ ಬೋರ್ಡು.

ಕಾನೂನು ತಡವಾಗಿ ಬಂತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅಡಿಬರಹ, ಸಂಜ್ಞಾಭಾಷೆಗಳ ಮಾತೆತ್ತಿತು. 2019ರ ಸೆಪ್ಟೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿ.ವಿ.ಗೆ ಮಾನದಂಡ ಹೊರಡಿಸಿ, ವರ್ಷದಿಂದ ವರ್ಷಕ್ಕೆ ಅಂಥ ಕಾರ್ಯಕ್ರಮಗಳ ಪ್ರಮಾಣ ಏರಿಸಬೇಕೆಂದಿತು. ಆದರೆ ನೇರಪ್ರಸಾರದ ಸುದ್ದಿಗೂ ಚರ್ಚೆಗೂ ವಿನಾಯಿತಿ ಕೊಟ್ಟಿತು. ಇವೆರಡನ್ನು ತೆಗೆದರೆ ಕನ್ನಡ ಸುದ್ದಿ ಚಾನೆಲ್‌ನಲ್ಲಿ ಉಳಿಯುವುದೆಷ್ಟು? ಚಿತ್ರಮಂದಿರಗಳಿಗೆ ಇಂಥದೇ ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಹೊರಬಿತ್ತು.

ಕಾನೂನು ಮಾಡದ್ದನ್ನು ಮೊಬೈಲ್ ಮಾಡುತ್ತಿದೆ. ಹೊಸಪೇಟೆ ಬಸ್ಸಿನಲ್ಲಿ, ಅದಿರು ಲಾರಿಗಳ ಸದ್ದಿನ ನಡುವೆ, ಸುದ್ದಿಯ ತುಣುಕು ನೋಡುವವರಿಗೆ ದನಿ ಕೇಳಿಸುವುದಿಲ್ಲ. ಹಾಗಾಗಿ ಪತ್ರಿಕೆಗಳೂ ತಮ್ಮ ವಿಡಿಯೊಗಳ ಮೇಲೆ ಕನ್ನಡ ಅಕ್ಷರ ಕೂರಿಸತೊಡಗಿವೆ. 2017ರಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೆ ಬಂದ ಮೇಲೆ ಯಂತ್ರವೇ ಬರೆದುಕೊಡುವ ಆಸೆ ಬೆಳೆದಿದೆ. ಆದರೆ ಸಂಡೂರಿನ ರೈತ ‘ಬೋರು ಒಣಗೈತೆ, ಏನ್ ಮಾಡಾದು’ ಅಂದದ್ದನ್ನು ‘ಕೊಳವೆಬಾವಿ ಒಣಗಿದೆ’ ಎಂದು ತಿದ್ದಿದರೆ ಅದು ವರದಿಯಾಗುತ್ತದೆ, ಅಡಿಬರಹವಾಗುವುದಿಲ್ಲ. ತುಟಿಯ ಚಲನೆ ನೋಡಿ ಓದುವ ಕಿವುಡನಿಗಂತೂ ಗೊಂದಲವೇ. ಆಡಿದ್ದನ್ನು ಆಡಿದಂತೆ ಬರೆಯಲು ಈ ಸೀಮೆಯ ಕನ್ನಡ ಬಲ್ಲವರು ಯಂತ್ರದ ಪಕ್ಕ ಕೂರಬೇಕು.

ವಾರ್ತೆಯ ಮಟ್ಟಿಗೆ ಅಷ್ಟು ಕಾಯಬೇಕಾಗಿಯೂ ಇಲ್ಲ. ವಾರ್ತೆ ಓದುವವರ ಎದುರಿನ ಟೆಲಿಪ್ರಾಂಪ್ಟರ್‌ನಲ್ಲಿ ಪ್ರತಿ ವಾಕ್ಯ ಆಗಲೇ ಕನ್ನಡದಲ್ಲಿ ಟೈಪಾಗಿ ಕೂತಿರುತ್ತದೆ. ಅದನ್ನೇ ಪರದೆಯ ಕೆಳಗೆ ಎರಡು ಸಾಲಿನಲ್ಲಿ ಹರಿಯಬಿಡಲು ಸ್ಕ್ರಾಲ್‌ನ ಜಾಗ ಬಿಟ್ಟುಕೊಡಬೇಕು, ಅಷ್ಟೇ.